ಕಂಡಕ್ಟರ ಮನೆಯ ಕಿತ್ತಳೆ ಎಣ್ಣೆ

ಅಡುಗೆಮನೆಯಲ್ಲಿ ಹಾಲು ಕಾಯಿಸುವಾಗಲೂ ಅವರು ಕಾಲು ಅಗಲಿಸಿ, ಮೊಣಕಾಲನ್ನು ತುಸು ಬಗ್ಗಿಸಿ, ಎಡ ಭುಜವನ್ನು ಗೋಡೆಗೆ ಆನಿಸಿ ನಿಲ್ಲುತ್ತಿದ್ದರು. ನಿಂತ ನೆಲ ಈಗಲೋ ಆಗಲೋ ತಿರುವು ತೆಗೆದುಕೊಂಡೀತು ಎಂಬ ಹಾಗೆ. ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ರಸ್ತೆಗಳಲ್ಲಿ ಖಾಸಗಿ ಬಸ್ಸಿನ ಕಂಡಕ್ಟರಾಗಿ ಆಯುಷ್ಯದ ಹೆಚ್ಚು ಪಾಲನ್ನು ನಿಂತೇ ಕಳೆದವರು. ಕೆಲಸ ಬಿಟ್ಟು ವರ್ಷಗಳಾಗಿದ್ದರೂ ಅವರ ಮೈ ಮಾತ್ರ ಬಸ್ಸಿನಿಂದ ಇಳಿದಿರಲಿಲ್ಲ. ಕೂಗಿ ಕೂಗಿ ಒಡೆದ ಧ್ವನಿ ಹಾಗೇ ಉಳಿದಿತ್ತು. ಮೆತ್ತಗೆ ಮಾತಾಡಲು ಹೋದರೆ ಗಂಟಲಿನಿಂದ ಗಾಳಿ ಮಾತ್ರ ಬರುತ್ತಿತ್ತು.

ಕೊಪ್ಪದ ಬಸ್‌ಸ್ಟ್ಯಾಂಡಿನಿಂದ ಏರಿ ಬರುವ ರಸ್ತೆಯಲ್ಲಿ, ಒಂದೇ ಮಾಡಿನ ಕೆಳಗೆ ಎರಡು ಬಾಡಿಗೆ ಮನೆಗಳು. ಒಂದರಲ್ಲಿ ಕಂಡಕ್ಟರು ಮತ್ತು ಅವರ ಹೆಂಡತಿ, ಮಕ್ಕಳಿಲ್ಲ. ಇನ್ನೊಂದರಲ್ಲಿ ನಾನು, ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ ಹಾಕಿಕೊಂಡು. ನಡುವೆ ಒಂದು ಗೋಡೆ. ಅವರ ಮನೆಯಲ್ಲಿ ಲೋಟ ಬಿದ್ದರೆ ನನಗೆ ಕೇಳುತ್ತಿತ್ತು. ನನ್ನ ಮಷಿನ್ ನಿಂತರೆ ಅವರಿಗೆ ಗೊತ್ತಾಗುತ್ತಿತ್ತು.

ನನ್ನ ಗಂಡ ತೀರಿಕೊಂಡ ಹೊಸತರಲ್ಲಿ ಹೊಲಿಗೆಯೊಂದೇ ನನಗೆ ದಿಕ್ಕಾಗಿತ್ತು. ಬೋರ್ಡು ಹಾಕಿದ್ದೆ, ಯಾರೂ ಬರುತ್ತಿರಲಿಲ್ಲ. ಆಗಿನ್ನೂ ಕೆಲಸದಲ್ಲಿದ್ದ ಕಂಡಕ್ಟರು ಬಸ್ಸಿನಲ್ಲಿ ಬಟ್ಟೆಯಂಗಡಿಯ ಚೀಲ ಹಿಡಿದು ಕೂತ ಹೆಂಗಸರನ್ನು ಕಂಡರೆ, "ಕೊಪ್ಪದಲ್ಲಿ ಇಳ್ದು ಮೇಲಿನ ರಸ್ತೆಗೆ ಹೋಗಿ ಅಮ್ಮ. ನಮ್ಮ ಗೋಡೆ ಪಕ್ಕದಲ್ಲೇ ಟೈಲರಮ್ಮ ಇದ್ದಾಳೆ. ಹೇಳಿದ ದಿನಕ್ಕೆ ಕೊಡ್ತಾಳೆ" ಎನ್ನುತ್ತಿದ್ದರಂತೆ. ಇದನ್ನು ಅವರು ನನಗೆ ಯಾವತ್ತೂ ಹೇಳಿರಲಿಲ್ಲ. ಬಂದ ಹೆಂಗಸರು ಹೇಳಿದರು. ಒಮ್ಮೆ ಯಾರದೋ ರವಿಕೆ ತಡವಾದಾಗ ಮಾತ್ರ ಗೋಡೆಯಾಚೆಯಿಂದ ಕೂಗಿದ್ದರು. "ತಂಗೀ, ಬಸ್ಸಲ್ಲಿ ನನ್ನ ಮರ್ಯಾದೆ ಹೋಗ್ತದೆ ಮಾರಾಯ್ತಿ!"

ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅಕ್ಕನ ತವರು ಎನ್.ಆರ್. ಪುರದ ಕಡೆ. ಅಪ್ಪ ಒಂದು ಕಾಫಿ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಕಾಫಿ ಗಿಡಗಳ ನಡುನಡುವೆ ಕಿತ್ತಳೆ ಮರಗಳಿದ್ದವಂತೆ. ರೋಗ ಬಂದು ಮರಗಳೆಲ್ಲ ಒಣಗಿದವು, ಎಸ್ಟೇಟು ಕೈ ಬದಲಾಯಿತು, ತವರಿನವರೂ ಚದುರಿ ಹೋದರು. ಪೇಟೆಯಲ್ಲಿ ಕೊಂಡ ಕಿತ್ತಳೆಯನ್ನು ಅಕ್ಕ ಸುಲಿದು ಒಂದು ತೊಳೆ ಬಾಯಿಗಿಟ್ಟು, "ಇದೆಂತ ಹಣ್ಣು, ಬರೀ ನೀರು" ಎಂದು ಉಳಿದದ್ದನ್ನು ನನ್ನ ಕೈಗೆ ಕೊಡುತ್ತಿದ್ದರು. ಸಿಪ್ಪೆಯನ್ನು ಮಾತ್ರ ಬಿಸಾಡುತ್ತಿರಲಿಲ್ಲ. ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಆಗಾಗ ಮೂಸುತ್ತಿದ್ದರು.

ಆ ಅಕ್ಕನಿಗೆ ಮರೆವಿನ ಕಾಯಿಲೆ ಬಂತು. ಮೊದಮೊದಲು ಒಲೆಯ ಮೇಲಿಟ್ಟ ಪಾತ್ರೆ ಮರೆತರು, ಆಮೇಲೆ ನನ್ನ ಹೆಸರು ಮರೆತರು. ಆಮೇಲೆ ಸಂಜೆಯಾದರೆ ಸಾಕು, ಒಂದು ಬಟ್ಟೆಯ ಗಂಟು ಕಟ್ಟಿಕೊಂಡು, "ಅಪ್ಪ ಕಾಯ್ತಾ ಇರ್ತಾರೆ" ಎಂದು ಬಸ್‌ಸ್ಟ್ಯಾಂಡಿಗೆ ಹೊರಟುಬಿಡುತ್ತಿದ್ದರು. ಅಲ್ಲಿ ಎನ್.ಆರ್. ಪುರದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತರೆ ಮುಗಿಯಿತು, ಇಳಿಸಲು ಹೋದವರಿಗೆ ಬೈಗುಳ, ಹೊಡೆತ. ಎಲ್ಲ ಬಸ್ಸಿನವರಿಗೂ ಅವರು ಗೊತ್ತು. ಡ್ರೈವರುಗಳು ಫೋನ್ ಮಾಡುತ್ತಿದ್ದರು. ಕಂಡಕ್ಟರು ಚಪ್ಪಲಿ ಮೆಟ್ಟಿಕೊಂಡು ಇಳಿಜಾರಿನಲ್ಲಿ ಓಡುತ್ತಿದ್ದರು.

ಒಂದು ಸಂಜೆ ನಾನೂ ಜೊತೆಗೆ ಹೋಗಿದ್ದೆ. ಅಕ್ಕ ಸೀಟಿನ ಕಂಬಿ ಹಿಡಿದು ಅಳುತ್ತಿದ್ದರು. ಮುಂದಿನ ಸೀಟಿನಲ್ಲಿ ಯಾರೋ ಹೆಂಗಸು ಮಗುವಿಗೆ ಕಿತ್ತಳೆ ಸುಲಿಯುತ್ತಿದ್ದಳು. ಘಮ ಹಿಂದಕ್ಕೆ ಬಂತು. ಅಕ್ಕನ ಅಳು ನಿಂತಿತು. ಕಂಬಿ ಬಿಟ್ಟು, ಮೂಗು ಎತ್ತಿ, ಸುಮ್ಮನೆ ಕೂತರು. ಕಂಡಕ್ಟರು ಆ ಹೆಂಗಸಿನ ಹತ್ತಿರ ಸಿಪ್ಪೆ ಕೇಳಿ ತೆಗೆದುಕೊಂಡು ಅಕ್ಕನ ಕೈಗೆ ಕೊಟ್ಟರು. ಅಕ್ಕ ಅದನ್ನು ಹಿಡಿದುಕೊಂಡು, ಯಾರ ಹಿಂದೆ ಹೋಗುತ್ತಿದ್ದೇನೆಂದೂ ನೋಡದೆ, ಮನೆಯ ತನಕ ನಡೆದು ಬಂದರು.

ಕಿತ್ತಳೆಯ ಕಾಲ ಇರುವಷ್ಟು ದಿನ ಆ ಮನೆಯ ಸಂಜೆಗಳು ಹೇಗೋ ಸಾಗಿದವು. ಹಣ್ಣು ಮುಗಿದ ಮೇಲೆ ಮತ್ತೆ ಗಂಟು, ಮತ್ತೆ ಬಸ್‌ಸ್ಟ್ಯಾಂಡು. ಆಗ ಯಾರೋ ಹೇಳಿದರಂತೆ, ಶೃಂಗೇರಿಯಲ್ಲಿ ಯಾತ್ರಿಕರಿಗೆ ಊದಿನಕಡ್ಡಿ, ಗಂಧ ಮಾರುವ ಅಂಗಡಿಗಳಲ್ಲಿ ಹಣ್ಣಿನ ಸಿಪ್ಪೆಯಿಂದ ತೆಗೆದ ಎಣ್ಣೆಯ ಸಣ್ಣ ಬಾಟಲಿ ಸಿಗುತ್ತದೆ ಎಂದು. ಕಂಡಕ್ಟರು ಮಾರನೇ ದಿನವೇ ಶೃಂಗೇರಿಗೆ ಹೋದರು. ಕಿತ್ತಳೆಯದ್ದು ಇರಲಿಲ್ಲ. ನಿಂಬೆಯದ್ದು ಸಿಕ್ಕಿತು.

ಆ ನಿಂಬೆ ಎಣ್ಣೆಯಿಂದಲೇ ಅವರಿಗೆ ಮೊದಲ ಪಾಠವಾದದ್ದು. ಪರಿಮಳ ಹತ್ತಿರವೇ ಇರಲಿ ಎಂದು ಅಕ್ಕನ ಎರಡೂ ಮುಂಗೈಗೆ ಚೆನ್ನಾಗಿ ಸವರಿ, ಬೆಳಗಿನ ಬಿಸಿಲಿಗೆ ಜಗುಲಿಯಲ್ಲಿ ಕೂರಿಸಿದರು. ಮರುದಿನಕ್ಕೆ ಕೈ ಕೆಂಪಾಗಿ ಬೊಬ್ಬೆ ಎದ್ದಿತ್ತು. ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗುವಾಗ ನಾನೂ ಇದ್ದೆ.

"ತಿನ್ನೋ ಹಣ್ಣಿಂದಲ್ವಾ ಅಮ್ಮ, ಎಂತ ಆಗ್ತದೆ ಅಂದ್ಕೊಂಡೆ" ಎಂದರು ಕಂಡಕ್ಟರು.

"ಹಣ್ಣು ಬೇರೆ, ಎಣ್ಣೆ ಬೇರೆ" ಎಂದರು ಡಾಕ್ಟರಮ್ಮ. "ಒಂದು ರಾಶಿ ಸಿಪ್ಪೆ ಹಿಂಡಿ ಆ ಸಣ್ಣ ಬಾಟ್ಲಿಗೆ ಇಳಿಸಿರ್ತಾರೆ. ನಿಂಬೆ ಎಣ್ಣೆ ಮೈಗೆ ಹಚ್ಚಿ ಬಿಸಿಲಿಗೆ ಹೋದ್ರೆ ಸುಡ್ತದೆ. ವಾಸನೆ ಬೇಕಾದ್ರೆ ಹತ್ತಿಗೆ ಒಂದು ಹನಿ ಹಾಕಿ ದೂರ ಇಡಿ, ಮೈಗೆ ಬೇಡ. ಮತ್ತೆ ಒಂದು ಮಾತು. ಇವರು ಕೈಗೆ ಸಿಕ್ಕಿದ್ದು ಬಾಯಿಗೆ ಹಾಕ್ತಾರಾ?"

"ಈಗೀಗ ಹಾಕ್ತಾಳೆ. ಸೋಪೂ ಹಾಕಿದ್ಲು."

"ಹಂಗಾದ್ರೆ ಬಾಟ್ಲಿ ಬೀಗದಲ್ಲಿರ್ಲಿ. ಒಂದು ಗುಟುಕು ಕುಡಿದು ಕೆಮ್ಮಿದ್ರೂ ಶ್ವಾಸಕೋಶಕ್ಕೆ ಹೋಗ್ತದೆ. ಕುಡಿದ್ರು ಅಂತ ಗೊತ್ತಾದ್ರೆ ವಾಂತಿ ಮಾಡಿಸ್ಬೇಡಿ, ಬಾಟ್ಲಿ ಸಮೇತ ಸೀದಾ ಆಸ್ಪತ್ರೆಗೆ ಬನ್ನಿ."

ಕಂಡಕ್ಟರು ತಲೆಯಾಡಿಸಿದರು. ಬರುವ ದಾರಿಯಲ್ಲಿ ಡಾಕ್ಟರಮ್ಮನ ಮಾತುಗಳನ್ನೇ, ನಿಲ್ದಾಣಗಳ ಹೆಸರು ಕೂಗುವ ಹಾಗೆ, ಒಂದೊಂದಾಗಿ ತಮ್ಮಷ್ಟಕ್ಕೆ ಹೇಳಿಕೊಂಡರು. ಅಕ್ಕನ ಕೈಯ ಕಲೆ ಕಪ್ಪಾಗಿ ಬಹಳ ಕಾಲ ಉಳಿಯಿತು. ಅವರು ಅದನ್ನು ನೋಡಿದಾಗಲೆಲ್ಲ ಮುಖ ತಿರುಗಿಸುತ್ತಿದ್ದರು.

ಆಮೇಲೆ ಕಿತ್ತಳೆ ಎಣ್ಣೆ ಸಿಕ್ಕಿತು, ಕಂದು ಗಾಜಿನ ಬಾಟಲಿ. ಅದನ್ನು ಅವರು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಬೀಗದ ಕೈ ಸದಾ ಸೊಂಟದ ದಾರದಲ್ಲಿ. ಸಂಜೆಯಾಗುವ ಮೊದಲು ಅಕ್ಕನನ್ನು ಜಗುಲಿಯಲ್ಲಿ ಕೂರಿಸಿ, ಒಳಗೆ ಹೋಗಿ, ಹತ್ತಿಗೆ ಒಂದು ಹನಿ ಬೀಳಿಸಿ, ಮುಚ್ಚಳಕ್ಕೆ ತೂತು ಹೊಡೆದ ಗಾಜಿನ ಸೀಸೆಯೊಳಗೆ ಹಾಕಿ, ಅಕ್ಕನ ಕೈಗೆ ಎಟುಕದಷ್ಟು ಎತ್ತರದ ಹಲಗೆಯ ಮೇಲಿಟ್ಟು, ಬಾಟಲಿಯನ್ನು ಮತ್ತೆ ಬೀಗದೊಳಗೆ ಸೇರಿಸಿ, ಕೈ ತೊಳೆದು, ಕಿಟಕಿ ತೆರೆದು, ಆಮೇಲೆಯೇ ಅಕ್ಕನನ್ನು ಒಳಗೆ ಕರೆಯುತ್ತಿದ್ದರು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಮ್ಮೆ ಇಟ್ಟು ನೋಡಿ, ಡಬ್ಬಿಯ ತಳ ಮಂಕಾಗಿ ಮೆತ್ತಗಾದದ್ದನ್ನು ನನಗೆ ತಂದು ತೋರಿಸಿದ್ದರು. "ಡಬ್ಬಿಯನ್ನೇ ತಿನ್ನೋದು ಹೊಟ್ಟೆಗೆ ಹೋದ್ರೆ ಎಂತ ಮಾಡೀತು ನೋಡು." ಅದು ಬೆಂಕಿ ಹಿಡಿಯುವ ಎಣ್ಣೆ ಎಂದು ಬಾಟಲಿಯ ಮೇಲೆ ಓದಿದ ದಿನದಿಂದ ದೇವರ ದೀಪವನ್ನು ಆ ಕೋಣೆಯಿಂದ ಅಡುಗೆಮನೆಗೆ ಸಾಗಿಸಿದರು. ನನ್ನ ಬೆಕ್ಕು ಅಲ್ಲಿ ಹೋಗಿ ಮಲಗುವುದು ರೂಢಿ. ಬೆಕ್ಕಿಗೆ ಈ ಎಣ್ಣೆ ಆಗುವುದಿಲ್ಲ ಎಂದು ಡಾಕ್ಟರಮ್ಮನನ್ನೇ ಕೇಳಿ ತಿಳಿದುಕೊಂಡು ಬಂದು, ಅದನ್ನು ಎತ್ತಿ ತಂದು ನನ್ನ ಬಾಗಿಲಲ್ಲಿ ಬಿಟ್ಟು, "ಇವ್ನಿಗೆ ಇನ್ನು ನಮ್ಮನೆ ಸ್ಟಾಪ್ ಇಲ್ಲ" ಎಂದರು.

ಅಷ್ಟೆಲ್ಲ ಮಾಡಿದ್ದಕ್ಕೆ ಸಿಕ್ಕಿದ್ದು ಸಂಜೆಯ ಒಂದಿಷ್ಟು ಹೊತ್ತಿನ ಸಮಾಧಾನ. ಕಾಯಿಲೆಯೇನೂ ಕಡಿಮೆಯಾಗಲಿಲ್ಲ, ಆಗುವುದಿಲ್ಲ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಕೆಲವು ತಿಂಗಳಲ್ಲಿ ಅಕ್ಕನಿಗೆ ಗಂಡನ ಗುರುತೂ ಹೋಯಿತು. ವಿಚಿತ್ರವೆಂದರೆ, ಗಂಡನೆಂದು ಗೊತ್ತಾಗದಿದ್ದರೂ ಕಂಡಕ್ಟರೆಂದು ಗೊತ್ತಾಗುತ್ತಿತ್ತು. ಆ ನಿಲುವೋ ಆ ಧ್ವನಿಯೋ, ಏನು ಹೊಳೆಯುತ್ತಿತ್ತೋ.

"ಕಂಡಕ್ಟ್ರೇ, ಪುರಕ್ಕೆ ಒಂದು ಟಿಕೆಟ್ ಕೊಡಿ" ಎನ್ನುತ್ತಿದ್ದರು ಅಕ್ಕ, ಮಂಚದ ತುದಿಯಲ್ಲಿ ಗಂಟು ಹಿಡಿದು ಕೂತು.

"ಕೊಡ್ತೇನಮ್ಮ. ಬಸ್ ಬಿಡ್ಲಿಕ್ಕೆ ಇನ್ನೂ ಹೊತ್ತಿದೆ, ಕೂತ್ಕೊಳ್ಳಿ" ಎನ್ನುತ್ತಿದ್ದರು ಇವರು.

"ಕಿತ್ತಳೆ ತುಂಬಿದ್ದೀರಾ ಬಸ್ಸಲ್ಲಿ?"

"ಹೌದಮ್ಮ, ಮೇಲೆ ಲೋಡ್ ಇದೆ."

ಗೋಡೆಯಾಚೆ ಕೂತು ಈ ಮಾತು ಕೇಳುವಾಗ ನಾನು ಮಷಿನ್ ನಿಲ್ಲಿಸಿಬಿಡುತ್ತಿದ್ದೆ. ಕಟ್ಟಿಕೊಂಡ ಹೆಂಡತಿಗೆ ಅಮ್ಮ ಎಂದು ಬಹುವಚನದಲ್ಲಿ ಉತ್ತರ ಕೊಡುವುದು ಹೇಗನ್ನಿಸುತ್ತದೆ ಎಂದು ಒಮ್ಮೆ ಕೇಳಿಯೂ ಕೇಳಿದೆ. ಅವರು, "ಏನೋ ಒಂದು ಅಂತ ಗುರುತು ಹಿಡೀತಾಳಲ್ಲ ತಂಗಿ. ಅದೂ ಹೋದ್ರೆ ನಾನು ಯಾರು ಹೇಳು" ಎಂದರು.

ಆ ವರ್ಷ ಊರಲ್ಲಿ ಜ್ವರ ಹರಡಿತ್ತು. ಕಂಡಕ್ಟರಿಗೂ ಬಂತು. ನಾನು ಗಂಜಿ ಕೊಟ್ಟು ಬರುತ್ತಿದ್ದೆ, ಅಕ್ಕನನ್ನು ನಮ್ಮ ಮನೆಗೆ ಕರೆದುಕೊಂಡು ಬಂದು ಕೂರಿಸಿಕೊಳ್ಳುತ್ತೇನೆ ಎಂದರೆ ಅಕ್ಕ ಬರಲೊಲ್ಲರು, ಅವರು ಕಳಿಸಲೊಲ್ಲರು. ಒಂದು ಸಂಜೆ, ಮೈ ಸುಡುತ್ತಿದ್ದರೂ ಎದ್ದು, ಅಕ್ಕನನ್ನು ಜಗುಲಿಗೆ ಕಳಿಸದೆ ಮಂಚದಲ್ಲೇ ಬಿಟ್ಟು, ಬೀರು ತೆಗೆದಿದ್ದಾರೆ. ಬಾಟಲಿಯ ಬಾಯಿಗೆ ಹನಿ ಹನಿಯಾಗಿ ಬೀಳಲೆಂದು ಒಂದು ಬಿರಡೆ ಇರುತ್ತದೆ. ಅವತ್ತು ಅದು ಕಟ್ಟಿಕೊಂಡು ಹನಿ ಬೀಳಲಿಲ್ಲ. ಪಿನ್ನು ಹಾಕಿ ಅದನ್ನು ಕಿತ್ತಿದ್ದಾರೆ. ಹತ್ತಿಗೆ ಹನಿ ಹಾಕುವಷ್ಟರಲ್ಲಿ ಗ್ಯಾಸಿನವನು ಬಾಗಿಲಲ್ಲಿ ಕೂಗಿದ. ಬಾಟಲಿಯನ್ನು ಕಿಟಕಿಯ ಅಂಚಿನಲ್ಲಿಟ್ಟು ಹೊರಗೆ ಹೋದರು. ಸಿಲಿಂಡರ್ ಒಳಗೆ ಇಡಿಸಿ, ಗೋಡೆ ಹಿಡಿದುಕೊಂಡು ತಿರುಗಿ ಬರುವಷ್ಟು ಹೊತ್ತು. ಅಷ್ಟೇ.

ನನಗೆ ಮೊದಲು ಕೇಳಿದ್ದು ಕೆಮ್ಮು. ಉಸಿರು ಸಿಗದವರ ಕೆಮ್ಮು. ಆಮೇಲೆ ಅವರ ಕೂಗು. ಬಸ್ಸು ನಿಲ್ಲಿಸಲು ಕೂಗುವ ಅದೇ ಕೂಗು, "ಹೋಲ್ಡಾನ್! ಹೋಲ್ಡಾನ್!" ಬಾಯಿಗೆ ಬೇರೆ ಶಬ್ದ ಬರಲಿಲ್ಲವೇನೋ.

ಓಡಿ ಹೋದೆ. ಕೋಣೆ ತುಂಬ ಕಿತ್ತಳೆಯ ವಾಸನೆ, ಕಣ್ಣು ಉರಿಯುವಷ್ಟು. ಅಕ್ಕನ ಗಲ್ಲ, ಸೀರೆ ಎಲ್ಲ ಒದ್ದೆ. ಬಾಟಲಿ ನೆಲದಲ್ಲಿ. ಎದುರು ಮನೆಯ ಹೆಂಗಸು ನನ್ನ ಹಿಂದೆಯೇ ಬಂದು, "ಉಪ್ಪು ನೀರು ಕುಡ್ಸಿ, ವಾಂತಿ ಆಗ್ಲಿ" ಎಂದು ಅಡುಗೆಮನೆಗೆ ನುಗ್ಗಿದಳು.

"ಬೇಡ!" ಎಂದರು ಕಂಡಕ್ಟರು. "ವಾಂತಿ ಬೇಡ. ಡಾಕ್ಟರಮ್ಮ ಬೇಡ ಅಂದಿದ್ದಾರೆ. ತಂಗಿ, ಆಟೋ ಕರಿ."

ಬಾಟಲಿಯನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡರು. ಜ್ವರದಲ್ಲಿ ತಾವೇ ನಿಲ್ಲಲಾಗದ ಮನುಷ್ಯ ಅಕ್ಕನನ್ನು ಎತ್ತಿಕೊಂಡು ಆಟೋಗೆ ಹತ್ತಿಸಿದ್ದು ಹೇಗೆಂದು ನನಗೆ ಈಗಲೂ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ಏನಾಯಿತು ಎಂದು ಕೇಳಿದ ಪ್ರತಿಯೊಬ್ಬರಿಗೂ, ನರ್ಸಿಗೂ, ಡಾಕ್ಟರಿಗೂ, ಗೇಟಿನವನಿಗೂ, ಒಂದೇ ಮಾತು. "ಬಾಟ್ಲಿ ಹೊರಗೆ ಇಟ್ಟದ್ದು ನಾನು."

ಅಲ್ಲಿಂದ ಶಿವಮೊಗ್ಗಕ್ಕೆ ಕಳಿಸಿದರು. ಕೆಮ್ಮುವಾಗ ಎಣ್ಣೆ ಶ್ವಾಸಕೋಶಕ್ಕೆ ಇಳಿದು ಅಲ್ಲಿ ಸುಟ್ಟ ಹಾಗಾಗಿದೆ ಎಂದರಂತೆ. ಅಕ್ಕ ಬದುಕಿದರು. ಎಲ್ಲರೂ ದೇವರು ದೊಡ್ಡವನು ಎಂದರು. ಆದರೆ ಮನೆಗೆ ಬಂದದ್ದು ಮಲಗಿದ ಮೈ ಮಾತ್ರ. ಕಾಲು ನೆಲಕ್ಕೆ ಊರಲಿಲ್ಲ. ಗಂಜಿ ನುಂಗಲು ಬಾರದೆ ಮೂಗಿಗೆ ನಳಿಗೆ ಹಾಕಿ ಕಳಿಸಿದ್ದರು. ಬಸ್‌ಸ್ಟ್ಯಾಂಡಿಗೆ ಓಡುವ ಭಯ ಇನ್ನಿರಲಿಲ್ಲ. ಬೀರುವಿಗೆ ಬೀಗವೂ ಬೇಕಿರಲಿಲ್ಲ. ಎಣ್ಣೆಯನ್ನು ಅವರು ಮತ್ತೆ ಮನೆಯೊಳಗೆ ತರಲಿಲ್ಲ.

ಕಿತ್ತಳೆಯ ಕಾಲ ಬಂದಾಗ ಒಂದು ಹಣ್ಣು ತಂದರು. ಅಕ್ಕನ ಪಕ್ಕ ಕೂತು ನಿಧಾನವಾಗಿ ಸುಲಿದರು. ನಾನು ಹಾಸಿಗೆಯ ಬಟ್ಟೆ ಬದಲಿಸಲು ಹೋಗಿದ್ದೆ. ಸಿಪ್ಪೆಯನ್ನು ಮಡಚಿ ಅಕ್ಕನ ಮೂಗಿನ ಹತ್ತಿರ ಹಿಡಿದರು. ಅಕ್ಕ ಕಣ್ಣು ತೆರೆದೇ ಇದ್ದರು, ನೋಟ ಮಾಡಿನ ಕಡೆಗೇ ಇತ್ತು. ಇನ್ನಷ್ಟು ಹತ್ತಿರ ಹಿಡಿದರು. ಏನೂ ಇಲ್ಲ. ಕೈ ನೋಯುವಷ್ಟು ಹೊತ್ತು ಹಿಡಿದು, ಆಮೇಲೆ ಸಿಪ್ಪೆಯನ್ನು ಕಾಗದದಲ್ಲಿ ಸುತ್ತಿ ಹೊರಗೆ ಹಾಕಿ ಬಂದರು.

"ಒಂದು ಸಲ ಟಿಕೆಟ್ ಕೇಳಿದ್ರೆ ಸಾಕಿತ್ತು ತಂಗಿ" ಎಂದರು.

ಅಕ್ಕ ಕೇಳಲಿಲ್ಲ. ಬೇಸಿಗೆ ಶುರುವಾಗುವ ಮೊದಲು ಒಂದು ಮಧ್ಯಾಹ್ನ, ನಾನು ಅವರ ತಲೆ ಬಾಚುತ್ತಿದ್ದಾಗ, ಉಸಿರು ನಿಂತಿತು. ಕಂಡಕ್ಟರು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಕರೆದೆ. ಬಂದು, ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು, ಅಕ್ಕನ ಕೈಯ ಆ ಹಳೆಯ ಕಪ್ಪು ಕಲೆಯ ಮೇಲೆ ಬೆರಳಿಟ್ಟು ಕೂತರು. ಅಳಲಿಲ್ಲ.

ಬಂದವರು ಸಮಾಧಾನ ಹೇಳಿದರು. ಅಕ್ಕನ ತಮ್ಮ, ಬಾಳೆಹೊನ್ನೂರಿನಿಂದ ಬಂದವರು, ಕಂಡಕ್ಟರ ಹೆಗಲ ಮೇಲೆ ಕೈಯಿಟ್ಟು, "ಭಾವ, ಎಂತ ಮಾಡ್ಲಿಕ್ಕೆ ಆಗ್ತದೆ. ಅವಳ ಋಣ ಅಷ್ಟೇ ಇತ್ತು. ದೇವರು ಕರ್ಕೊಂಡ" ಎಂದರು.

"ದೇವರ ಮೇಲೆ ಯಾಕೆ ಹಾಕ್ತೀರಿ" ಎಂದರು ಕಂಡಕ್ಟರು. "ಬಾಟ್ಲಿ ಇಟ್ಟದ್ದು ನಾನು."

"ಜ್ವರ ಇತ್ತಲ್ಲ ಭಾವ ನಿಮಗೆ. ಯಾರಿಗಾದ್ರೂ ಆಗೋದೇ."

"ಜ್ವರ ಇತ್ತು. ಬಾಟ್ಲಿ ಇಟ್ಟದ್ದೂ ನಾನೇ."

ಅದನ್ನು ಕೂಗಿ ಹೇಳಲಿಲ್ಲ, ಎದೆ ಬಡಿದುಕೊಂಡು ಹೇಳಲಿಲ್ಲ. ಮುಂದಿನ ನಿಲ್ದಾಣ ಯಾವುದೆಂದು ಕೇಳಿದವರಿಗೆ ಹೇಳುವಂತೆ ಹೇಳಿದರು.

ಆಮೇಲೆ ಅವರು ಒಂದು ಕೆಲಸ ಹಿಡಿದರು. ಈ ಎಣ್ಣೆ ಯಾರ ಮನೆಯಲ್ಲಿದೆ ಎಂದು ಕಿವಿಗೆ ಬಿದ್ದರೂ ಅಲ್ಲಿಗೆ ಹೋಗಿ ಹೇಳುವುದು. ಆಗ ಅದು ಹೊಸ ಚಾಳಿಯಾಗಿ ಬಂದಿತ್ತು. ಆನ್‌ಲೈನಿನಲ್ಲಿ ತರಿಸುತ್ತಿದ್ದರು, ಗೃಹಪ್ರವೇಶಕ್ಕೆ ಉಡುಗೊರೆ ಕೊಡುತ್ತಿದ್ದರು, ನೆಲ ಒರೆಸುವ ನೀರಿಗೂ ಹಾಕುತ್ತಿದ್ದರು, ನೆಗಡಿಗೆ ಮಕ್ಕಳ ಎದೆಗೂ ಹಚ್ಚುತ್ತಿದ್ದರು. ಕಂಡಕ್ಟರು ಹೋಗಿ ಬಾಗಿಲಲ್ಲಿ ಕಾಲು ಅಗಲಿಸಿ ನಿಂತು, ಒಡೆದ ಧ್ವನಿಯಲ್ಲಿ ತಮ್ಮ ಕಥೆ ಹೇಳುತ್ತಿದ್ದರು. ಜನ ಮೊದಲು ಕೂರಿಸಿ ಕಾಫಿ ಕೊಟ್ಟರು. ಆಮೇಲೆ ನಿಂತಲ್ಲೇ ಕೇಳಿದರು. ಆಮೇಲೆ ಅವರು ಬರುವುದು ಕಂಡರೆ ಟಿವಿಯ ಸದ್ದು ಕಡಿಮೆ ಮಾಡಿ ಮನೆಯಲ್ಲಿ ಇಲ್ಲದವರ ಹಾಗೆ ಇದ್ದುಬಿಟ್ಟರು. ಶೃಂಗೇರಿಯ ಅಂಗಡಿಗೂ ಹೋಗಿ, ಕೊಳ್ಳುವವರಿಗೆ ಒಂದು ಮಾತು ಹೇಳಿ, ಮಕ್ಕಳ ಕೈಗೆ ಎಟುಕದ ಹಾಗೆ ಮೇಲಿಡಿ ಎಂದು ಕೇಳಿಕೊಂಡಿದ್ದರು. ಅಂಗಡಿಯವರು ಮರ್ಯಾದೆಯಿಂದಲೇ ಆಗಲಿ ಎಂದರಂತೆ. ಮುಂದಿನ ಸಲ ಹೋದಾಗ ಬಾಟಲಿಗಳು ಮೊದಲಿದ್ದಲ್ಲೇ, ಮಕ್ಕಳ ಆಟಿಕೆಯ ಪಕ್ಕದಲ್ಲೇ ಇದ್ದವು.

"ಎಷ್ಟು ಜನಕ್ಕೆ ಅಂತ ಹೇಳ್ತೀರಿ, ಬಿಡಿ" ಎಂದೆ ನಾನು.

"ಬಿಟ್ರೆ ಮನೇಲಿ ಎಂತ ಮಾಡ್ಲಿ?" ಎಂದರು.

ಒಂದು ದಿನ ನನ್ನ ಹತ್ತಿರ ಒಬ್ಬಳು ಗಿರಾಕಿ ಬಂದಳು. ಮೊಮ್ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಅಂಗಿ ಹೊಲಿಸಲು. ಮಾತಿನ ನಡುವೆ, ತೊಟ್ಟಿಲಿನ ಬಟ್ಟೆಗೆ ದಿನಾ ಕಿತ್ತಳೆ ಎಣ್ಣೆ ಹಾಕುತ್ತೇವೆ, ಸೊಳ್ಳೆ ಬರುವುದಿಲ್ಲ, ಮಗು ಬಾಟಲಿ ಹಿಡಿದುಕೊಂಡೇ ಆಡುತ್ತದೆ ಎಂದಳು. ಕಂಡಕ್ಟರು ಜಗುಲಿಯಲ್ಲಿ ಪೇಪರ್ ಓದುತ್ತಿದ್ದರು. ಎದ್ದು ಬಂದರು.

"ಅಮ್ಮ, ಅದನ್ನು ಕೂಸಿನ ಹತ್ರ ಇಡ್ಬೇಡಿ. ಬಟ್ಟೆಗೂ ಬೇಡ. ನನ್ನ ಹೆಂಡ್ತಿ..."

ಅವಳಿಗೆ ಕಥೆ ಮೊದಲೇ ಗೊತ್ತಿತ್ತು. ಅವರ ಮುಖ ನೋಡದೆ, ನನ್ನ ಕಡೆ ತಿರುಗಿ, "ಹೆಂಡ್ತಿಗೆ ಕುಡಿಸಿ ಕೊಂದವ್ರು ಈಗ ಊರಿಗೆಲ್ಲ ಬುದ್ಧಿ ಹೇಳ್ಲಿಕ್ಕೆ ಹೊರಟಿದ್ದಾರೆ" ಎಂದಳು.

ನಾನು ಏನಾದರೂ ಹೇಳುವ ಮೊದಲು ಕಂಡಕ್ಟರೇ ಮಾತಾಡಿದರು.

"ಕುಡಿಸ್ಲಿಲ್ಲ ಅಮ್ಮ. ಅವಳಿಗೆ ಸಿಗೋ ಹಾಗೆ ಇಟ್ಟೆ. ಸತ್ತದ್ದು ನನ್ನಿಂದಲೇ. ಅದಕ್ಕೇ ಹೇಳ್ತಾ ಇರೋದು. ಹಂಗೆ ಇಡ್ಬೇಡಿ."

ಅವಳು ಅಳತೆಯ ಅಂಗಿಯನ್ನು ಚೀಲಕ್ಕೆ ತುಂಬಿಕೊಂಡು ಹೊರಟುಹೋದಳು. ಮತ್ತೆ ನನ್ನ ಅಂಗಡಿಗೆ ಬರಲಿಲ್ಲ. ಆ ಬಾಟಲಿಯನ್ನು ಎತ್ತಿಟ್ಟಳೋ ಇಲ್ಲವೋ ನಮಗೆ ತಿಳಿಯಲಿಲ್ಲ. ಕಂಡಕ್ಟರು ಜಗುಲಿಗೆ ಹೋಗಿ ಪೇಪರನ್ನು ಮತ್ತೆ ಹಿಡಿದರು. ಬಹಳ ಹೊತ್ತಾದರೂ ಪುಟ ತಿರುವಿದ ಸದ್ದು ಬರಲಿಲ್ಲ. ಅವತ್ತಿನಿಂದ ಅವರು ಯಾರ ಮನೆಗೂ ಹೋಗಿ ಹೇಳಲಿಲ್ಲ. ಮಾತೇ ಕಡಿಮೆಯಾಯಿತು. ಮಧ್ಯಾಹ್ನ ಗಂಜಿ ಕೊಟ್ಟರೆ ಉಣ್ಣುತ್ತಿದ್ದರು, ಕೊಡದಿದ್ದರೆ ಕೇಳುತ್ತಿರಲಿಲ್ಲ. ಏನಾದರೂ ಹೇಳಿ ಎಂದರೆ, "ಎಂತ ಹೇಳ್ಲಿ ತಂಗಿ" ಎನ್ನುತ್ತಿದ್ದರು.

ಮರುವರ್ಷ ಅವರೂ ಹೋದರು. ಎದೆನೋವೆಂದು ಬೆಳಿಗ್ಗೆ ತಾವೇ ನಡೆದುಕೊಂಡು ಆಸ್ಪತ್ರೆಗೆ ಹೋಗಿದ್ದರು. ನಾನು ವಿಷಯ ತಿಳಿದು ಓಡುವಷ್ಟರಲ್ಲಿ ಮುಗಿದಿತ್ತು. ಕೊನೆಯಲ್ಲಿ ಯಾರೂ ಹತ್ತಿರ ಇರಲಿಲ್ಲ. ಹಳೆಯ ಡ್ರೈವರುಗಳು ನಾಲ್ಕಾರು ಜನ ಬಂದು ಹೆಗಲು ಕೊಟ್ಟರು. ಮನೆ ಖಾಲಿ ಮಾಡುವಾಗ ಅಕ್ಕನ ತಮ್ಮ ಪಾತ್ರೆಗಳನ್ನು ಒಯ್ದರು. ಬೀರುವನ್ನು ಗುಜರಿಯವನು ಒಯ್ದ. ಹಾಸಿಗೆ ಯಾರಿಗೂ ಬೇಡವಾಯಿತು.

ಕೆಲವು ತಿಂಗಳು ಗೋಡೆಯಾಚೆ ಸದ್ದೇ ಇರಲಿಲ್ಲ. ಆಮೇಲೆ ಒಂದು ಚಿಕ್ಕ ಸಂಸಾರ ಬಾಡಿಗೆಗೆ ಬಂತು. ಗಂಡ ತಾಲ್ಲೂಕು ಆಫೀಸಿನಲ್ಲಿ, ಹೆಂಡತಿ ಮನೆಯಲ್ಲಿ, ಅಂಬೆಗಾಲಿಡುವ ಒಂದು ಹೆಣ್ಣು ಕೂಸು. ಹಾಲುಕ್ಕಿಸುವ ದಿನ ನನ್ನನ್ನೂ ಕರೆದಿದ್ದರು. ಒಳಗೆ ಹೋದರೆ, ಅಕ್ಕನ ಮಂಚವಿದ್ದ ಜಾಗದಲ್ಲಿ ಒಂದು ಗಿಡ್ಡ ಮೇಜು, ಅದರ ಮೇಲೆ ಎಣ್ಣೆಯ ಪರಿಮಳ ಹರಡಲೆಂದು ಹೊಗೆಯಾಡುವ ಬಿಳಿ ಯಂತ್ರ, ಪಕ್ಕದಲ್ಲಿ ಸಾಲಾಗಿ ಕಂದು ಬಾಟಲಿಗಳು. ಕೋಣೆಯಲ್ಲಿ ಆ ಘಮ. ಕೂಸು ಮೇಜಿನ ಕಾಲು ಹಿಡಿದು ಏಳಲು ನೋಡುತ್ತಿತ್ತು.

ಮೊದಲು ಬಾಟಲಿಗಳನ್ನು ಎತ್ತಿ ಮೇಲಿನ ಹಲಗೆಗೆ ಇಟ್ಟೆ. ಕೂಸಿನ ತಾಯಿ, ಇನ್ನೂ ಚಿಕ್ಕ ಹುಡುಗಿ, ಬೆಪ್ಪಾಗಿ ನೋಡಿದಳು. ಎಚ್ಚರಿಕೆ ಎಂದು ಬರೀ ಬಾಯಿಮಾತಿಗೆ ಹೇಳಿದರೆ ನಾಳೆ ಮತ್ತೆ ಕೆಳಗೆ ಬರುತ್ತವೆ ಎಂದು ಗೊತ್ತಿತ್ತು. ಹೇಳುವುದಾದರೆ ನಡೆದದ್ದನ್ನು ಹೇಳಬೇಕು. ಹೇಳಿದರೆ, ಕಂಡಕ್ಟರನ್ನು ಕಣ್ಣಿಂದ ಕಾಣದ ಈ ಹುಡುಗಿಯ ಮನಸ್ಸಿನಲ್ಲಿ ಅವರು ಅದೊಂದೇ ಆಗಿ ಉಳಿಯುತ್ತಾರೆ. ಸತ್ತವರ ಮೇಲೆ ಹಾಗೆ ಹೊರಿಸುವುದು ಸರಿಯೇ ಎಂದು ನಿಂತಲ್ಲೇ ಯೋಚಿಸಿದೆ. ಕೂಸು ಅಷ್ಟರಲ್ಲಿ ಎದ್ದು ನಿಂತು ಮೇಜಿನ ಮೇಲೆ ಕೈ ಆಡಿಸುತ್ತಿತ್ತು.

ಹೇಳಿದೆ. ಈ ಮನೆಯಲ್ಲೇ ಒಬ್ಬರು ಕಂಡಕ್ಟರು ಇದ್ದರು, ಮರೆವಿನ ಹೆಂಡತಿ ಇದ್ದರು, ಇದೇ ಎಣ್ಣೆ, ಈ ಕಿಟಕಿಯ ಅಂಚಿನಲ್ಲೇ ಬಾಟಲಿ ಇಟ್ಟು ಹೊರಗೆ ಹೋದರು, ಹೆಂಡತಿ ಕುಡಿದರು, ಅದರಿಂದಲೇ ತೀರಿಕೊಂಡರು ಎಂದು. ಹುಡುಗಿ ಕೂಸನ್ನು ಥಟ್ಟನೆ ಎತ್ತಿಕೊಂಡಳು. ಕಿಟಕಿಯ ಅಂಚನ್ನು ನೋಡಿದಳು.

"ಕಾಯಿಲೆ ಹೆಂಡ್ತಿನ ಇಟ್ಕೊಂಡು ಅಷ್ಟು ಬೇಜವಾಬ್ದಾರಿನಾ ಆ ಮನುಷ್ಯ?" ಎಂದಳು.

ಹಾಲು ಉಕ್ಕಿತೆಂದು ಒಳಗಿನಿಂದ ಯಾರೋ ಕರೆದರು. ಅವಳು ಹೋದಳು. ನಾನು ಪ್ರಸಾದ ತೆಗೆದುಕೊಂಡು ಮನೆಗೆ ಬಂದು ಮಷಿನ್ ಮುಂದೆ ಕೂತೆ. ಹೌದು ಎಂದು ನಾನು ಹೇಳಿರಲಿಲ್ಲ. ಅಲ್ಲ ಎಂದು ಹೇಳಬೇಕಾದರೆ ಇಷ್ಟೆಲ್ಲ ಹೇಳಬೇಕಿತ್ತು.